ತಾರಸಿಯಲ್ಲಿ ನಿಂತ ನೀರು: ದೋಷ ಹುಡುಕಲು ಮೂರು ಬಕೆಟ್ ಸಾಕು

ನಮ್ಮ ಮೇಲ್ಮಹಡಿಯ ಮಲಗುವ ಕೋಣೆಯ ಸೀಲಿಂಗಿನಲ್ಲಿ, ಬೀರುವಿನ ಮೇಲಿನ ಮೂಲೆಗೆ ಸರಿಯಾಗಿ, ದೋಸೆಯಷ್ಟಗಲದ ಒಂದು ಕಂದು ಕಲೆ ಎರಡು ವರ್ಷ ನಮ್ಮನ್ನು ಆಟವಾಡಿಸಿತು. ಏಪ್ರಿಲ್ ಕೊನೆಯ ಗುಡುಗು ಮಳೆಗೆ ಅದು ಕಾಣಿಸಿಕೊಳ್ಳುತ್ತಿತ್ತು. ಜುಲೈನ ಜಿಟಿಜಿಟಿ ಮಳೆಯಲ್ಲಿ, ಮೂರು ದಿನ ಬಿಡದೆ ಸುರಿದರೂ, ತನಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ ಒಣಗಿಯೇ ಇರುತ್ತಿತ್ತು. ಸೆಪ್ಟೆಂಬರ್ ಬಂದರೆ ಮತ್ತೆ ಹಿಗ್ಗುತ್ತಿತ್ತು. ಈ ವರ್ತನೆಯಲ್ಲೇ ರೋಗದ ಗುರುತು ಇತ್ತು ಎಂಬುದು ಆಗ ಹೊಳೆಯಲಿಲ್ಲ.

ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ 30x40 ಅಡಿ ನಿವೇಶನದ ಎರಡಂತಸ್ತಿನ ಮನೆ, ಮುಂದೆ ರಸ್ತೆಯ ಹೊಂಗೆ ಮರ, ತಾರಸಿಯ ಅರ್ಧಕ್ಕೆ ಬಟ್ಟೆ ಒಣಗಿಸಲೆಂದು ಹಾಕಿಸಿದ ತಗಡಿನ ಶೀಟು. ನೋಡಲು ಬಂದ ಮೊದಲನೆಯವರು ಇಡೀ ತಾರಸಿಗೆ ನೀರು ನಿರೋಧಕ ಲೇಪನ ಬಳಿಯಬೇಕೆಂದು ಚದರ ಅಡಿಯ ಲೆಕ್ಕ ಕೊಟ್ಟರು. ಎರಡನೆಯ ಮೇಸ್ತ್ರಿ ಹಳೆಯ ಗಾರೆ ಒಡೆದು ಹೊಸದಾಗಿ ವಾಟ ಕೊಡಬೇಕು ಎಂದರು. ನಾನು ಲೇಪನವನ್ನೇ ಬಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮುಂದಿನ ಏಪ್ರಿಲ್‌ಗೆ ಕಲೆ ತನ್ನ ಜಾಗದಲ್ಲಿ ಹಾಜರಿತ್ತು. ಮೂರನೆಯವರು ವಯಸ್ಸಾದ ಪ್ಲಂಬರ್. ಅವರು ಮೆಟ್ಟಿಲು ಹತ್ತುವ ಮೊದಲೇ ಕೇಳಿದರು: "ನೀರು ಮೇಲೆ ನಿಲ್ಲುತ್ತದೆ ಎನ್ನುತ್ತೀರಿ ಸಾರ್. ಕೆಳಗೆ ಎಲ್ಲಿ ಹೊರಬರುತ್ತದೆ, ನೋಡಿದ್ದೀರಾ?" ನಾನು ನೋಡಿರಲಿಲ್ಲ. ಈ ಬರಹ ಅವರ ಆ ಪ್ರಶ್ನೆಯ ಮೇಲೆ ನಿಂತಿದೆ.

ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಗಂಟೆಗೆ 50 ಮಿ.ಮೀ. ರಭಸದಲ್ಲಿ ಮಳೆ ಹೊಡೆದರೆ ನಿಮಿಷಕ್ಕೆ 77 ಲೀಟರಿನಷ್ಟು ನೀರು ಕೆಳಗಿಳಿಯಬೇಕು. ಅಂದರೆ ಯಾರೋ ಹದಿನೈದು ಸೆಕೆಂಡಿಗೊಮ್ಮೆ ಇಪ್ಪತ್ತು ಲೀಟರಿನ ಬಕೆಟ್ ಸುರಿಯುತ್ತಲೇ ಇದ್ದಂತೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಬೆಳ್ಳಂದೂರಿನ ಕಡೆ ದೋಣಿ ಮತ್ತು ಟ್ರಾಕ್ಟರುಗಳಲ್ಲಿ ಜನರನ್ನು ಸಾಗಿಸಿದರಲ್ಲ, ಆಗ ನಗರದಲ್ಲಿ ಒಂದೇ ರಾತ್ರಿ 130 ಮಿ.ಮೀ.ಗೂ ಹೆಚ್ಚು ಮಳೆಯಾಯಿತು. ಆ ಲೆಕ್ಕದಲ್ಲಿ ಇಂಥ ಒಂದು ತಾರಸಿಯ ಮೇಲೆ ಬಿದ್ದದ್ದು ಹನ್ನೆರಡು ಸಾವಿರ ಲೀಟರ್, ಎರಡು ಟ್ಯಾಂಕರ್ ನೀರು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಪ್ರಕಾರ ಗಂಟೆಗೆ 100 ಮಿ.ಮೀ. ಮಳೆಗೆ ನಾಲ್ಕಿಂಚಿನ ಒಂದು ಪೈಪು ಹೊರಬಲ್ಲದ್ದು ಸುಮಾರು 40 ಚದರ ಮೀಟರ್ ಛಾವಣಿಯನ್ನು ಮಾತ್ರ. ನಮ್ಮ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇಡೀ ತಾರಸಿಗೆ ಎರಡೇ ಪೈಪು, ಅದರಲ್ಲೂ ಒಂದು ಮೂರಿಂಚಿನದು. ಪೈಪು ಚೊಕ್ಕಟವಾಗಿದ್ದರೇ ಅಷ್ಟಕ್ಕಷ್ಟೆ. ಅರ್ಧ ಕಟ್ಟಿಕೊಂಡರೆ ಜಿಟಿಜಿಟಿ ಮಳೆಯನ್ನು ಹೇಗೋ ದಾಟಿಸುತ್ತದೆ, ಜಡಿಮಳೆಗೆ ಸೋಲುತ್ತದೆ. ನಮ್ಮ ಕಲೆ ಜುಲೈನಲ್ಲಿ ಸುಮ್ಮನಿದ್ದುದು ಇದಕ್ಕೇ. ಲೇಪನ ಕೆಟ್ಟಿದ್ದರೆ ಮೂರು ದಿನದ ಸೋನೆಮಳೆಗೂ ಅದು ಒದ್ದೆಯಾಗಬೇಕಿತ್ತು. ರಭಸಕ್ಕೆ ಮಾತ್ರ ಕಾಣಿಸಿಕೊಳ್ಳುವ ಕಲೆಯ ಹಿಂದೆ ಬಹುಮಟ್ಟಿಗೆ ಹರಿವಿನ ದೋಷವಿರುತ್ತದೆ. ನೀರು ಏರಿ ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಸೇರುವ ಸಂದಿಯನ್ನು ಮುಟ್ಟುತ್ತದೆ, ಅಲ್ಲಿಂದ ಒಳಗೆ ಇಳಿಯುತ್ತದೆ.

ಮೊದಲು, ಇದು ಮಳೆಯ ನೀರೇ?

ಹಾಸ್ಯವೆನಿಸಬಹುದು, ಆದರೆ ಎಷ್ಟೋ ಮನೆಗಳಲ್ಲಿ ಮಳೆಯ ತಲೆಗೆ ಕಟ್ಟುವ ಅಪವಾದ ನಿಜಕ್ಕೂ ಓವರ್‌ಹೆಡ್ ಟ್ಯಾಂಕಿನದು. ಕಾವೇರಿ ನೀರು ಬಿಟ್ಟ ದಿನ ಮೋಟಾರ್ ಹಾಕಿ ಮರೆತು, ಟ್ಯಾಂಕು ಉಕ್ಕಿ, ಅದೇ ಮೂಲೆಗೆ ಹರಿದಿರುತ್ತದೆ. ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಒಣ ದಿನಗಳಲ್ಲೂ ಕಲೆ ಗೆರೆ ದಾಟಿದರೆ ಟ್ಯಾಂಕು, ಅದರ ಪೈಪು, ಸ್ನಾನದ ಮನೆಯ ಸಂದು ಇವುಗಳನ್ನು ನೋಡಿ. ಮುಂದಿನದನ್ನು ಓದುವ ಅಗತ್ಯವಿಲ್ಲ. ಕಲೆಯ ಬಳಿ ಲೈಟು ಅಥವಾ ಫ್ಯಾನು ಇದ್ದರೆ ಆ ಕೋಣೆಯ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್ಚು) ಇಳಿಸಿ, ಆಮೇಲೆ ಉಳಿದ ಮಾತು.

ಬಕೆಟ್ ಪರೀಕ್ಷೆ

ಒಣಗಿದ ದಿನ ಬೆಳಿಗ್ಗೆ ಮಾಡಿ. ಔಟ್‌ಲೆಟ್ಟಿನ ಜಾಲರಿ ತೆಗೆದು, ಕೈಗವಸು ಹಾಕಿಕೊಂಡು ಕೈಗೆಟುಕುವ ಕಸವನ್ನೆಲ್ಲ ಮೇಲಕ್ಕೆ ಎತ್ತಿ. ಒಳಕ್ಕೆ ತಳ್ಳಬೇಡಿ. ಮನೆಯವರೊಬ್ಬರನ್ನು ಕೆಳಗೆ, ಪೈಪು ಹೊರಬರುವ ಕಡೆ ನಿಲ್ಲಿಸಿ. ನಮ್ಮಲ್ಲಿ ಆ ಕೆಲಸ ನನ್ನ ಹೆಂಡತಿಯದು, ಮೊಬೈಲ್ ಕಿವಿಗಿಟ್ಟುಕೊಂಡು. ಮೇಲಿನಿಂದ ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ನೀರನ್ನು ಪೈಪಿನ ಒಂದು ಬದಿಗೆ ಒರಗುವಂತೆ ಸುರಿಯಿರಿ. ಇನ್ನೊಂದು ಬದಿಯಿಂದ ಗಾಳಿ ಹೊರಬರಲು ದಾರಿ ಬೇಕು. ಬಾಯಿ ತುಂಬ ಸುರಿದರೆ ಒಳಗಿನ ಗಾಳಿ ಗುಳುಗುಳು ಎಂದು ಎದ್ದು, ಖಾಲಿ ಪೈಪೂ ತುಂಬಿದಂತೆ ನಾಟಕವಾಡುತ್ತದೆ.

ನೀರು ಸರ್ರನೆ ಇಳಿದು ಕೆಳಗೆ ಅಷ್ಟೇ ರಭಸದಲ್ಲಿ ಬಂದರೆ ಪೈಪು ನಿರ್ದೋಷಿ. ಆಗ ತಪ್ಪು ತಾರಸಿಯ ವಾಟದಲ್ಲೋ ಜಾಲರಿಯಲ್ಲೋ ಇದೆ. ಮೇಲೆ ಸರಾಗವಾಗಿ ಇಳಿದು ಕೆಳಗೆ ಅರ್ಧವೇ ಬಂದರೆ ಅದು ಎಲ್ಲಕ್ಕಿಂತ ಕೆಟ್ಟ ಸುದ್ದಿ: ಗೋಡೆಯೊಳಗೆ ಹುದುಗಿಸಿದ ಪೈಪಿನ ಜೋಡಣೆ ಬಿಟ್ಟಿದೆ, ಉಳಿದ ನೀರನ್ನು ನಿಮ್ಮ ಗೋಡೆ ಕುಡಿಯುತ್ತಿದೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ. ಆ ಪೈಪಿನ ಬಾಯಿ ಮುಚ್ಚಿ ಗೋಡೆಯ ಹೊರಗೆ ಹೊಸದೊಂದು ಇಳಿಸುವುದೇ ವಾಸಿ. ನೋಡಲು ಚೆಂದವಿಲ್ಲ, ನಿಜ.

ನೀರು ಮೇಲೆ ನಿಂತುಬಿಟ್ಟರೆ? ಇಲ್ಲಿಯೇ ಆ ಪ್ಲಂಬರ್ ನನಗೆ ಒಂದು ವಿದ್ಯೆ ಕಲಿಸಿದರು. ನಿಲ್ಲುವ ಮೊದಲು ಪೈಪು ಎಷ್ಟು ನೀರು ನುಂಗಿತು ಎಂದು ಎಣಿಸಬೇಕು. ನಾಲ್ಕಿಂಚಿನ ಪಿವಿಸಿ ಪೈಪು ಮೀಟರಿಗೆ ಸುಮಾರು ಎಂಟೂವರೆ ಲೀಟರ್ ಹಿಡಿಯುತ್ತದೆ, ಮೂರಿಂಚಿನದು ಸುಮಾರು ನಾಲ್ಕು ಲೀಟರ್. ಅರ್ಧ ಬಕೆಟ್ಟಿಗೇ ನಿಂತರೆ ಅಡಚಣೆ ಬಾಯಿಯಿಂದ ಮೂರು ನಾಲ್ಕು ಅಡಿಯೊಳಗೆ, ಬಹುಶಃ ಮೊದಲ ಬೆಂಡಿನಲ್ಲಿ, ಅಂದರೆ ಪೈಪು ತಿರುಗುವ ಕಡೆ. ಒಂದು ಪೂರ್ತಿ ಬಕೆಟ್ಟಿಗೆ ನಿಂತರೆ ಏಳೆಂಟು ಅಡಿ ಕೆಳಗೆ. ನಮ್ಮದು ಮೂರು ಬಕೆಟ್ ನೀರನ್ನು ಒಂದೊಂದಾಗಿ ಕುಡಿದು ಆಮೇಲೆ ಬಾಯಿಗೆ ಬಂದು ನಿಂತಿತು. ಅರವತ್ತು ಲೀಟರ್, ಅಂದರೆ ಏಳು ಮೀಟರ್. ಎರಡಂತಸ್ತಿನ ಮನೆಯ ತಾರಸಿಯಿಂದ ಏಳು ಮೀಟರ್ ಇಳಿದರೆ ಸಿಗುವುದು ನೆಲ. ಕೆಳಗೆ ನಿಂತಿದ್ದ ಹೆಂಡತಿ ಹೇಳಿದ್ದು: "ಹನಿಹನಿಯಾಗಿ ಬರುತ್ತಿದೆ, ಕಾಫಿ ಫಿಲ್ಟರಿನ ಹಾಗೆ."

ಕಾಫಿ ಫಿಲ್ಟರಿನ ಹಾಗೆ ಸೋರುವ ಅಡಚಣೆಯಾದರೆ ಸುರಿಯುವಾಗಲೇ ಸ್ವಲ್ಪ ನೀರು ಜಾರಿರುತ್ತದೆ; ಲೆಕ್ಕಕ್ಕೆ ಅಡಿ ಎರಡಡಿ ಹೆಚ್ಚುಕಮ್ಮಿ ಬಿಟ್ಟುಕೊಳ್ಳಿ. ಖಚಿತಪಡಿಸಿಕೊಳ್ಳಲು ಪೈಪನ್ನು ಕೆಳಗಿನಿಂದ ಮೇಲಕ್ಕೆ ಮರದ ಕೋಲಿನಿಂದ ತಟ್ಟುತ್ತ ಬನ್ನಿ. ಖಾಲಿ ಪೈಪು ಡಬಡಬ ಎನ್ನುತ್ತದೆ, ನೀರೋ ಕೆಸರೋ ತುಂಬಿದ್ದು ಮಂಕಾಗಿ ಧಪ್ ಎನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡುವ ಕೈಗೆ ಇದು ಹೊಸದಲ್ಲ.

ಬಿಚ್ಚುವಾಗ

ಮೇಲೆ ನಿಂತ ನೀರಿಗೆ ಕೆಳಗಿನ ಬೆಂಡು ತಡೆಯಾಗಿರುವಾಗ ಅದರ ಮುಚ್ಚಳ ಬಿಚ್ಚಿದರೆ ಅರವತ್ತು ಲೀಟರ್ ಕಪ್ಪು ನೀರು ಒಮ್ಮೆಗೇ ಎದೆಗೆ ಹೊಡೆಯುತ್ತದೆ. ಪಕ್ಕಕ್ಕೆ ನಿಂತು, ಡೋರ್ ಬೆಂಡಿನ (ಬಿಚ್ಚಬಹುದಾದ ಬಾಗಿಲಿರುವ ಬೆಂಡಿನ) ಒಂದು ಬೋಲ್ಟನ್ನು ಸಡಿಲಿಸಿ, ನೀರು ಬಸಿದು ಹೋದ ಮೇಲೆ ಎರಡನೆಯದಕ್ಕೆ ಕೈ ಹಾಕಬೇಕು. ನಮ್ಮ ಪೈಪಿಗೆ ಬಾಗಿಲಿದ್ದ ಬೆಂಡೇ ಇರಲಿಲ್ಲ. ಕಟ್ಟಿಸುವಾಗ ಕೆಲವು ರೂಪಾಯಿ ಉಳಿಸಲು ಯಾರೋ ಸಾದಾ ಬೆಂಡು ಹಾಕಿದ್ದರು. ಕತ್ತರಿಸಬೇಕಾಯಿತು.

ಒಳಗೆ ಸಿಕ್ಕಿದ್ದು ಎಲೆಯಲ್ಲ. ಬೆಂಡಿನ ತಳದಲ್ಲಿ ಅರ್ಧದಷ್ಟು ಎತ್ತರಕ್ಕೆ ಕಲ್ಲಾಗಿ ಕೂತ ಸಿಮೆಂಟು. ಮೂರು ವರ್ಷದ ಹಿಂದೆ ಮೆಟ್ಟಿಲ ಕೋಣೆಗೆ ಟೈಲ್ಸ್ ಹಾಕಿದವರು ಬಾಂಡ್ಲಿ, ಕರಣೆ ಎಲ್ಲವನ್ನೂ ತಾರಸಿಯಲ್ಲಿ ತೊಳೆದು ಆ ನೀರನ್ನು ಔಟ್‌ಲೆಟ್ಟಿಗೆ ಬಿಟ್ಟಿದ್ದರು. ಆ ದಿಬ್ಬದ ಮೇಲೆ ಪ್ರತಿ ವರ್ಷದ ಹೊಂಗೆ ಹೂವು, ಧೂಳು, ಪಾರಿವಾಳದ ಪುಕ್ಕ ಕೂತು ಗೊಜ್ಜಾಗಿತ್ತು. ಮೇಲಿನ ಜಾಲರಿಯನ್ನು ನಾನು ಎಷ್ಟು ಸಲ ಗುಡಿಸಿದರೂ ಪ್ರಯೋಜನವಾಗದ್ದು ಇದಕ್ಕೆ. ಆಸಿಡ್ ಸುರಿದು ಕರಗಿಸೋಣವೇ ಎಂದು ಕೇಳಿದೆ. ಆ ನೀರು ಕೊನೆಗೆ ಹೋಗುವುದು ನಿಮ್ಮದೇ ಇಂಗುಬಾವಿಗಲ್ಲವೇ ಎಂದು ಪ್ಲಂಬರ್ ಬೈದರು. ಹೊಸ ಡೋರ್ ಬೆಂಡು, ಒಂದು ಕಪ್ಲರ್, ಕೂಲಿ ಎಲ್ಲ ಸೇರಿ ಖರ್ಚಾದದ್ದು ಸಾವಿರದ ಇನ್ನೂರು ರೂಪಾಯಿ. ಲೇಪನಕ್ಕೆ ಕೊಟ್ಟ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಅಡಚಣೆ ಬರೀ ಎಲೆ-ಕೆಸರಿನದಾದರೆ ಬಿದಿರಿನ ದಬ್ಬೆ ಅಥವಾ ಪ್ಲಂಬರನ ಸ್ಪ್ರಿಂಗ್ ತಂತಿ ಸಾಕು. ಅದನ್ನು ಕೆಳಗಿನಿಂದ ಹಾಕಿ ಎಳೆಯಬೇಕು. ಮೇಲಿನಿಂದ ಗುದ್ದಿದರೆ ಕಸ ಇನ್ನಷ್ಟು ಬಿಗಿಯಾಗುತ್ತದೆ. ಕಾರು ತೊಳೆಯುವ ಪ್ರೆಶರ್ ಪಂಪನ್ನು ಹಳೆಯ ಪೈಪಿಗೆ ಬಿಡಬೇಡಿ. ಮಳೆನೀರಿನ ಪೈಪುಗಳ ಜೋಡಣೆಗೆ ಎಷ್ಟೋ ಕಡೆ ಅಂಟು ಹಾಕಿರುವುದಿಲ್ಲ, ಸುಮ್ಮನೆ ಒಂದರೊಳಗೊಂದು ತುರುಕಿರುತ್ತಾರೆ. ಗೋಡೆಯೊಳಗೆ ಅದು ಕಳಚಿದರೆ ಮೇಲೆ ಹೇಳಿದ ಕೆಟ್ಟ ಸುದ್ದಿಯನ್ನು ನಾವೇ ಬರಮಾಡಿಕೊಂಡಂತೆ.

ಪೈಪು ಸರಿ, ಆದರೂ ನೀರು ಇಳಿಯದಿದ್ದರೆ

ಆಗ ಮಳೆನೀರು ಸಂಗ್ರಹದ ಫಿಲ್ಟರ್ ನೋಡಿ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ 60x40ರ ಹಳೆಯ ಮನೆಗಳಿಗೂ 30x40ರ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಊರೆಲ್ಲ ಗೋಡೆಗೆ ಫಿಲ್ಟರ್ ಬಂತು; ಅದನ್ನು ತೊಳೆಯಬೇಕೆಂಬ ಸಂಗತಿ ಮಾತ್ರ ಹಿಂದೆಯೇ ಉಳಿಯಿತು. ಒಳಗಿನ ಸಣ್ಣ ಕಣ್ಣಿನ ಜಾಲರಿಗೆ ಗುಲ್‌ಮೊಹರಿನ ಎಲೆಪುಡಿ ಮೆತ್ತಿಕೊಂಡರೆ ಪೈಪೇ ಕಟ್ಟಿದಂತೆ ನೀರು ಹಿಂದಕ್ಕೆ ಏರುತ್ತದೆ. ಜಾಲರಿ ಹೊರತೆಗೆದು ಬಕೆಟ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ಉತ್ತರ ಒಂದೇ ನಿಮಿಷದಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಪೈಪಿನ ಬಿರಡೆಯನ್ನೂ ಆಗಲೇ ತೆರೆದು ಬಸಿಯಿರಿ, ಇಲ್ಲದಿದ್ದರೆ ಅದು ಸೊಳ್ಳೆಯ ತೊಟ್ಟಿಲು. ಬಗೆಬಗೆಯ ಫಿಲ್ಟರುಗಳನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಸಂಗ್ರಹ ಉದ್ಯಾನವಿದೆ.

ಇನ್ನೊಂದು ಲಕ್ಷಣವಿದೆ, ಇದನ್ನು ಯಾರೂ ತಾರಸಿಗೆ ಜೋಡಿಸಿ ನೋಡುವುದಿಲ್ಲ. ಜೋರು ಮಳೆಯಲ್ಲಿ ನೆಲಮಹಡಿಯ ಸ್ನಾನದ ಮನೆಯ ನೀರು ಹೋಗುವ ಕಿಂಡಿ ಗೊಳಗೊಳ ಎನ್ನುತ್ತದೆ, ಕೆಲವೊಮ್ಮೆ ಕೊಳಚೆ ಮೇಲಕ್ಕೇ ಬರುತ್ತದೆ. ಅಂದರೆ ತಾರಸಿಯ ನೀರನ್ನು ಯಾರೋ ಒಳಚರಂಡಿಗೆ ಸೇರಿಸಿದ್ದಾರೆ. ಅದು ನಿಯಮಬಾಹಿರ, ಅದಕ್ಕಿಂತ ಹೆಚ್ಚಾಗಿ, ಮನೆಯೊಳಗೆ ಮೋರಿ ತುಂಬುವ ಅಪಾಯ. ಜೋಡಣೆಯನ್ನು ಕತ್ತರಿಸಿ ಇಂಗುಬಾವಿಗೋ ರಸ್ತೆ ಬದಿಯ ಮಳೆನೀರಿನ ಮೋರಿಗೋ ತಿರುಗಿಸಿ. ಚೇಂಬರಿನೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು ನಿಷೇಧಿಸಿದೆ, ಒಳಗಿನ ವಿಷಗಾಳಿ ಉಸಿರು ನಿಲ್ಲಿಸುತ್ತದೆ.

ವಾಟದ ದೋಷಕ್ಕೆ ಹೆಚ್ಚು ಮಾತು ಬೇಡ. ಮಳೆ ನಿಂತ ಮರುದಿನವೂ ಎಲ್ಲಿ ನೀರು ಇದೆಯೋ ಅದರ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಹತ್ತು ಅಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಜಾರು ಇರಬೇಕು. ಗೆರೆಯೊಳಗಿನ ಗುಂಡಿಯನ್ನಷ್ಟೇ ತುಂಬಿಸಿದರೆ ಸಾಕು, ಇಡೀ ತಾರಸಿ ಒಡೆಯುವ ಮೇಸ್ತ್ರಿಯನ್ನು ಬಾಗಿಲಲ್ಲೇ ನಿಲ್ಲಿಸಿ. ಔಟ್‌ಲೆಟ್ಟಿನ ಬಳಿ ಅರಳಿ ಗಿಡ ಮೊಳೆತಿದ್ದರೆ ಬೆರಳುದ್ದ ಇರುವಾಗಲೇ ಬೇರುಸಹಿತ ಕೀಳಿ. ಮೊಳದುದ್ದವಾದ ಮೇಲೆ ಅದರ ಬೇರು ಪೈಪಿನ ಸುತ್ತ ಗಾರೆಯನ್ನು ಸೀಳಿರುತ್ತದೆ. ಆಗ ಔಟ್‌ಲೆಟ್ಟಿನ ಸುತ್ತ ಒಡೆದು ಮತ್ತೆ ಕೂರಿಸದೆ ಬೇರೆ ದಾರಿಯಿಲ್ಲ.

ಶೀಟಿನ ದೋಣಿ

ಹಳೆಯ ಮಲ್ಲೇಶ್ವರ, ಬಸವನಗುಡಿಯ ಹೆಂಚಿನ ಮನೆಗಳಿಗಿದ್ದ, ಸೂರಿನ ನೀರನ್ನು ಹಿಡಿದು ಪೈಪಿಗೆ ಸಾಗಿಸುವ ತಗಡಿನ ದೋಣಿ ಮಾಯವಾಗುತ್ತಿದೆ ಎನ್ನುವಷ್ಟರಲ್ಲಿ ತಾರಸಿಯ ಶೀಟುಗಳ ಅಂಚಿಗೆ ಅದು ಮರಳಿ ಬಂದಿದೆ. ಇದರ ದೋಷ ಹಿಡಿಯಲು ಮಳೆ ಬರುತ್ತಿರುವಾಗಲೇ ಕೆಳಗೆ ನಿಂತು, ನೀರು ಯಾವ ಅಂಚಿನಿಂದ ಬೀಳುತ್ತಿದೆ ಎಂದು ನೋಡಬೇಕು.

ದೋಣಿಯ ಹೊರ ಅಂಚಿನಿಂದ ಉದ್ದಕ್ಕೂ ಉಕ್ಕುತ್ತಿದ್ದರೆ ಇಳಿಯುವ ಪೈಪು ಕಟ್ಟಿದೆ ಅಥವಾ ಸಣ್ಣದಾಗಿದೆ. ಮಧ್ಯದಲ್ಲಿ ಒಂದೇ ಕಡೆ ಉಕ್ಕಿದರೆ ಅಲ್ಲಿ ದೋಣಿ ಜೋತಿದೆ. ಹಿಡಿದಿರುವ ಕ್ಲಾಂಪು ಕಳಚಿರುತ್ತದೆ. ಎರಡೆರಡು ಅಡಿಗೆ ಒಂದು ಕ್ಲಾಂಪು ಇರಲಿ, ಪೈಪಿನ ಕಡೆಗೆ ಹತ್ತು ಅಡಿಗೆ ಅರ್ಧ ಇಂಚಿಗೆ ಕಡಿಮೆಯಿಲ್ಲದಂತೆ ವಾಟ ಇರಲಿ. ಮೇಸ್ತ್ರಿಗಳ ಪಾರದರ್ಶಕ ಲೆವೆಲ್ ಟ್ಯೂಬಿನಿಂದ ಅಳೆಯಬಹುದು. ಒಳ ಅಂಚಿನಿಂದ, ಗೋಡೆಯ ಮೇಲೆ ಇಳಿಯುತ್ತಿದ್ದರೆ ದೋಣಿಯನ್ನು ಎಷ್ಟು ಚೊಕ್ಕ ಮಾಡಿದರೂ ಉಪಯೋಗವಿಲ್ಲ. ಶೀಟು ದೋಣಿಯೊಳಗೆ ಎರಡು ಇಂಚಾದರೂ ಚಾಚದೆ ಗಿಡ್ಡವಾಗಿದೆ, ನೀರು ಶೀಟಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುತ್ತಿದೆ. ಅಂಚಿಗೆ ಬಗ್ಗಿಸಿದ ತಗಡಿನ ಪಟ್ಟಿ ಹೊಡೆಸಿದರೆ ನಿಲ್ಲುತ್ತದೆ. ಜೋಡಣೆಯಲ್ಲಿ ಹನಿಯುತ್ತಿದ್ದರೆ ಸಿಲಿಕಾನ್ ಹಚ್ಚುವವರು ಒಂದನ್ನು ಮರೆಯಬಾರದು: ಒದ್ದೆ ತಗಡಿಗೆ ಅದು ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಎರಡು ಬಿಸಿಲು ಕಂಡ ಮೇಲೆ ಹಚ್ಚಬೇಕು. ಶೀಟಿನ ಸ್ಕ್ರೂಗಳ ರಬ್ಬರ್ ವಾಷರುಗಳೂ ಬಿಸಿಲಿಗೆ ಸೀಳುತ್ತವೆ. ದೋಣಿ ಸೋರುತ್ತಿದೆ ಎಂದುಕೊಂಡದ್ದು ಎಷ್ಟೋ ಸಲ ಸ್ಕ್ರೂ ತೂತು.

ಏಣಿ ಹತ್ತುವ ಮೊದಲು ಮೇಲೆ ವಿದ್ಯುತ್ ತಂತಿ ಎಷ್ಟು ದೂರವಿದೆ ನೋಡಿ. ನಮ್ಮ ಕಿರು ರಸ್ತೆಗಳಲ್ಲಿ ಅದು ಶೀಟಿನ ಅಂಚಿಗೆ ಕೈಚಾಚುವಷ್ಟು ಹತ್ತಿರವಿರುತ್ತದೆ, ಕೈಯಲ್ಲಿ ಉದ್ದನೆಯ ತಗಡೋ ಕಬ್ಬಿಣದ ಸಲಾಕೆಯೋ ಇದ್ದರಂತೂ ಕೇಳಲೇಬೇಡಿ. ಶೀಟಿನ ಮೇಲೆ ಕಾಲಿಡಬೇಕಾದ ಕೆಲಸವನ್ನು ಅದನ್ನೇ ಕಸುಬು ಮಾಡಿಕೊಂಡವರಿಗೆ ಬಿಡಿ. ಗುಡುಗು ಕೇಳಿದ ಮೇಲೆ ತಾರಸಿಯಲ್ಲಿ ಯಾರೂ ಇರಬಾರದು.

ಯಾವಾಗ ಮಾಡುವುದು

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ 970 ಮಿ.ಮೀ.ಯ ಆಸುಪಾಸು, ತಿಂಗಳುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸೆಪ್ಟೆಂಬರಿನದು. ಆದರೂ ಪೈಪು ಕಟ್ಟುವುದು ಸಾಮಾನ್ಯವಾಗಿ ಏಪ್ರಿಲ್-ಮೇನಲ್ಲೇ. ಫೆಬ್ರುವರಿ, ಮಾರ್ಚಿನಲ್ಲಿ ಹೊಂಗೆ, ಮಹಾಗನಿ ಎಲೆ ಉದುರಿಸುತ್ತವೆ, ಆ ಬಳಿಕ ಹೊಂಗೆಯ ಹೂವು ಹಾಸಿಗೆಯಂತೆ ಬೀಳುತ್ತದೆ; ಮೇಲೆ ಬೇಸಿಗೆಯ ಧೂಳು. ಆಮೇಲೆ ಭರಣಿ ಮಳೆ ಮುನ್ಸೂಚನೆ ಕೊಡದೆ ಒಂದು ಸಂಜೆ ಎಲ್ಲವನ್ನೂ ಒಟ್ಟಿಗೆ ಗುಡಿಸಿ ಪೈಪಿಗೆ ತುಂಬುತ್ತದೆ. ಸಂಡಿಗೆ ಒಣಗಿಸಿದ ಪ್ಲಾಸ್ಟಿಕ್ ಹಾಳೆಯೂ ಆಗಲೇ ಹಾರಿ ಬಂದು ಔಟ್‌ಲೆಟ್ಟಿನ ಮೇಲೆ ಕೂರುವುದು. ಹಾಗಾಗಿ ಯುಗಾದಿಗೆ ಮನೆ ತೊಳೆಯುವಾಗ ತಾರಸಿಯನ್ನೂ ಸೇರಿಸಿಕೊಳ್ಳಿ, ಬಕೆಟ್ ಪರೀಕ್ಷೆಯನ್ನೂ ಅದೇ ದಿನ ಮುಗಿಸಿ. ಎರಡನೆಯದು ಆಷಾಢದ ಗಾಳಿಪಟಗಳ ದಾರ, ಕಾಗದ ಎಲ್ಲ ಸೇರಿದ ಮೇಲೆ, ಗೌರಿ ಹಬ್ಬಕ್ಕೆ ಮುಂಚೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ದೀಪಾವಳಿಯ ಮರುದಿನ. ತಾರಸಿಯಲ್ಲಿ ಸುಟ್ಟ ಪಟಾಕಿಯ ಕಾಗದ ನೆನೆದರೆ ಅಂಟಿನ ಮುದ್ದೆ, ಹಿಂಗಾರು ಮಳೆ ಆಗಿನ್ನೂ ಮುಗಿದಿರುವುದಿಲ್ಲ.

ಜಾಲರಿ ಚಪ್ಪಟೆಯಾಗಿದ್ದರೆ ಬದಲಿಸಿ. ಒಂದೇ ಒಂದು ಅಗಲವಾದ ಬಾದಾಮಿ ಎಲೆ ಅದನ್ನು ಮುಚ್ಚಬಲ್ಲದು. ಗುಮ್ಮಟದಂತೆ ಉಬ್ಬಿದ ಜಾಲರಿಯಾದರೆ ಬದಿಗಳಿಂದ ನೀರು ಇಳಿಯುತ್ತದೆ. ಪ್ಯಾರಾಪೆಟ್ ಗೋಡೆಯಲ್ಲಿ, ಮೆಟ್ಟಿಲ ಕೋಣೆಯ ಹೊಸ್ತಿಲಿಗಿಂತ ಒಂದಿಂಚು ತಗ್ಗಿನಲ್ಲಿ ಒಂದು ತೂತು ಕೊರೆಸಿ ಸಣ್ಣ ಪೈಪು ಚಾಚಿಸಿ. ನೀವು ಊರಿನಲ್ಲಿಲ್ಲದ ರಾತ್ರಿ ಎಲ್ಲ ಕಟ್ಟಿಕೊಂಡರೂ ನೀರು ಮೆಟ್ಟಿಲಿಳಿದು ಮನೆಯೊಳಗೆ ಬರದೆ ಹೊರಗೆ ಚಿಮ್ಮುತ್ತದೆ. ನಾಲ್ಕಿಂಚು ನೀರು ನಿಂತರೆ ಚದರ ಮೀಟರಿಗೆ ನೂರು ಕಿಲೋ ಭಾರ ಎಂಬುದೂ ನೆನಪಿರಲಿ.

ನಮ್ಮ ಮನೆಯ ಬೆಂಡು ಬದಲಿಸಿದ ವಾರಕ್ಕೇ ಒಂದು ಜಡಿಮಳೆ ಬಂತು. ಕೆಳಗಿನ ಫಿಲ್ಟರಿನ ಬಾಯಿಂದ ನೀರು ಧೋ ಎಂದು ಸುರಿಯಿತು, ತಾರಸಿಯಲ್ಲಿ ಪಾದ ನೆನೆಯುವಷ್ಟೂ ನಿಲ್ಲಲಿಲ್ಲ. ಸೀಲಿಂಗಿನ ಕಲೆ ಕೊನೆಯ ಪೆನ್ಸಿಲ್ ಗೆರೆಯೊಳಗೇ ಇದೆ, ಅಂಚಿನಿಂದ ತಿಳಿಯಾಗುತ್ತಿದೆ. ಬಣ್ಣ ಹೊಡೆಸೋಣ ಎಂದು ಮನೆಯಲ್ಲಿ ಒತ್ತಾಯವಿದೆ. ಒಳಗಿನ ತೇವ ಆರುವ ಮೊದಲು ಬಣ್ಣ ಬಳಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಸೆಪ್ಟೆಂಬರ್ ಕಳೆಯಲಿ ಎಂದಿದ್ದೇನೆ.